ಬಿಲ್ಲೆಯ ಆಚೆಗೆ ಬಿದ್ದ ಊರು

ಭೀಮಾ ನದಿಯ ದಂಡೆಯಲ್ಲಿ ಒಂದು ಸಣ್ಣ ದರ್ಗಾ. ಅದರ ಮಗ್ಗುಲಿನ ಕೋಣೆಯಲ್ಲಿ ಖೈರುದ್ದೀನ್ ಉಸ್ತಾದರು ಇದ್ದರು. ಸುಲ್ತಾನರ ಕಾಲದ ತಾಮ್ರದ ನಾಣ್ಯಗಳನ್ನು ಕೂಡಿಸುವುದು, ಅವುಗಳ ಮೇಲಿನ ಸವೆದ ಅಕ್ಷರ ಓದುವುದು, ಇಷ್ಟೇ ಅವರ ಬದುಕು.

ಊರ ಜನ ಅವರನ್ನು ‘ದುಡ್ಡಿಲ್ಲದ ದುಡ್ಡಿನ ಉಸ್ತಾದ’ ಎಂದು ಚೇಷ್ಟೆ ಮಾಡುತ್ತಿದ್ದರು. ಉಸ್ತಾದರೂ ಜೊತೆಗೆ ನಗುತ್ತಿದ್ದರು. ಮಾತು ಸುಳ್ಳೇನಲ್ಲವಲ್ಲ!

ಅವರಿಗೆ ಇದ್ದವಳು ಒಬ್ಬಳೇ ಶಿಷ್ಯೆ, ಮಹಾನಂದಾ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಜೋಳದ ಹಿಟ್ಟು ಕೂತಿರುತ್ತಿತ್ತು.

ಅವಳು ಶಿಷ್ಯೆಯಾದ ಬಗೆ ಕೇಳಿದರೆ ನಗು ಬರುತ್ತದೆ. ಗಿರಣಿಗೆ ಬಂದ ಜೋಳದ ಚೀಲದಲ್ಲಿ ಒಮ್ಮೆ ಕಿಲುಬು ಹಿಡಿದ ಬಿಲ್ಲೆಯೊಂದು ಸಿಕ್ಕಿತು. ತಾಮ್ರ ಎಂದು ತಿಳಿದದ್ದೇ ತಡ, ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದಳು. ನೀರಿನ ಕೊಡ ತಿಕ್ಕುವ ಹಾಗೆ ರಟ್ಟೆ ನೋಯುವ ತನಕ ತಿಕ್ಕಿದಳು. ಆಮೇಲೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಉಸ್ತಾದರ ಮುಂದೆ ಇಟ್ಟಳು.

“ಇದು ಯಾರ ಕಾಲದ್ದು, ಹೇಳ್ರಿ.”

ಉಸ್ತಾದರು ಅದನ್ನು ಬೆಳಕಿಗೆ ಹಿಡಿದರು. ತಿರುವಿ ನೋಡಿದರು. ಅವರ ಮುಖ ಬಾಡಿತು.

“ತಿಕ್ಕೋ ತನಕ ಸುಲ್ತಾನರ ಕಾಲದ್ದಿತ್ತು. ಈಗ ನಿನ್ನ ಕಾಲದ್ದು.”

“ತಪ್ಪು ಮಾಡಿದ್ನೇನ್ರಿ?”

“ನಿಮ್ಮ ಮನ್ಯಾಗ ಕೊಡಾ ಭಾಳ ಥಳಥಳ ಇರ್ತಾವ ಅಂತ ಕಾಣ್ತದ,” ಎಂದು ಉಸ್ತಾದರು ನಕ್ಕರು. “ಕಿಲುಬು ಅಂದ್ರ ಹೊಲಸಲ್ಲ, ಬೇಟಿ. ಅಕ್ಷರಗಳು ಅದನ್ನ ಹೊದ್ಕೊಂಡು ಮಲಗಿರ್ತಾವ. ನೀ ಹೊದಿಕಿ ಎಳದಿ, ಜೋಡಿಗಿ ಅವುಗಳ ಮೈ ಚರ್ಮಾನೂ ಬಂತು.”

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಮಹಾನಂದಾಳಿಗೆ. ಎದ್ದು ಹೋಗಬೇಕೆಂದುಕೊಂಡಳು, ಹೋಗಲಿಲ್ಲ.

“ನನಗ ಓದೋದು ಕಲಿಸ್ತೀರೇನ್ರಿ?”

“ಗಿರಣಿ ಯಾವಾಗ ಬಂದ್ ಮಾಡ್ತಿ?”

“ಊಟದ ಹೊತ್ತಿಗಿ.”

“ಹಂಗಾದ್ರ ರೊಟ್ಟಿ ಕಟ್ಕೊಂಡು ಬಾ. ಇಬ್ಬರಿಗೂ.”

ಹೀಗೆ ಪಾಠ ಶುರುವಾಯಿತು. ಮೊದಲು ಅರಬ್ಬಿ ಲಿಪಿಯ ಅಲಿಫ್, ಬೇ. ಆಮೇಲೆ ಕೂಡಕ್ಷರ. ಆಮೇಲೆ, ಸುತ್ತಿಗೆಯ ಪೆಟ್ಟಿಗೆ ಮುರಿದು, ಕೈಯಿಂದ ಕೈಗೆ ಸವೆದು, ಮಣ್ಣಲ್ಲಿ ಕೊಳೆತು ಉಳಿದ ಅಕ್ಷರ. ಮಹಾನಂದಾ ಕಲಿತಳು. ಒಂದೇ ಸಲಕ್ಕೆ ಬಂತೆಂದು ಹೇಳಿದರೆ ಅವಳೇ ನಕ್ಕಾಳು.

ಒಂದು ದಿನ ಕೇಳಿದಳು: “ಉಸ್ತಾದ್ರೇ, ಕೂಡಿಸೋದೇ ಆದ್ರ ಬಂಗಾರದ್ದು ಕೂಡಿಸಬಾರದೇನ್ರಿ? ಬೆಳ್ಳಿದಾದ್ರೂ?”

ಉಸ್ತಾದರು ಒಂದು ತಾಮ್ರದ ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟರು.

“ಎಲ್ಲಿ ಸವದದ, ಬೆರಳಾಡಿಸಿ ನೋಡು.”

“ನಟ್ಟನಡುವ ಸವದದ್ರಿ. ಹೆಬ್ಬೆಟ್ಟು ಕೂಡೋ ಕಡಿ.”

“ಬಂಗಾರದ್ದು ಗಡಿಗ್ಯಾಗ ತುಂಬಿ ಹುಗದಿಟ್ಟಿದ್ದು. ಅದಕ್ಕ ಯಾರ ಹೆಬ್ಬೆಟ್ಟೂ ಗೊತ್ತಿಲ್ಲ. ಇದು ಸಂತಿಗಿ ಹೋಗಿ ಬಂದದ. ಉಪ್ಪು ತಂದದ, ಎಣ್ಣಿ ತಂದದ, ಅಳೋ ಕೂಸಿಗಿ ಬತ್ತಾಸ ತಂದದ.”

ಮಹಾನಂದಾ ಆ ನಾಣ್ಯವನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

ಇನ್ನೊಂದು ದಿನ ಅವಳಿಗೆ ಸಿಟ್ಟು ಬಂತು. “ಇದೇನ್ರಿ ಇದು? ಯಾವ ನಾಣ್ಯ ತಗೊಂಡ್ರೂ ಅರ್ಧಾ ಮಾತು! ಒಂದರಾಗೂ ಪೂರಾ ಇಲ್ಲ.”

“ಅಚ್ಚು ದೊಡ್ಡದು, ಬಿಲ್ಲಿ ಸಣ್ಣದು,” ಎಂದರು ಉಸ್ತಾದರು. “ತಾಮ್ರ ಅಲ್ಲೇನು, ಅದಕ್ಕ್ಯಾರು ಅಷ್ಟು ಕಾಳಜಿ ಮಾಡ್ತಾರ? ಸುತ್ತಿಗಿ ಬಿತ್ತು, ಬಿಲ್ಲಿ ಮ್ಯಾಲ ಬಿದ್ದಷ್ಟು ಅಕ್ಷರ ಉಳೀತು. ಉಳಿದದ್ದು ಆಚಿಗಿ ಹೋಯ್ತು.”

“ಆಚಿಗಿ ಬಿದ್ದದ್ದು ಎಲ್ಲಿ ಹೋಯ್ತ್ರಿ?”

“ನಾನೂ ಅದನ್ನೇ ಹುಡುಕ್ಲಾಕತ್ತೀನಿ.”

ಅವರಲ್ಲಿ ಓದುವುದಕ್ಕೆ ಒಂದು ಪದ್ಧತಿ ಇತ್ತು. ನಾಣ್ಯವನ್ನು ಗಟ್ಟಿಯಾಗಿ ಓದಬೇಕು. ಅಕ್ಷರ ಬಿಲ್ಲೆಯ ಆಚೆಗೆ ಬಿದ್ದು ಹೋದ ಕಡೆ ಬಾಯಿ ಮುಚ್ಚಿ, ಬೆರಳಿನ ಗೆಣ್ಣಿನಿಂದ ಹಲಗೆಯ ಮೇಲೆ ಒಮ್ಮೆ ತಟ್ಟಬೇಕು. ಕೋಣೆಯ ಹೊರಗೆ ನಿಂತವರಿಗೆ ಅದು ಬಡಗಿ ಕೆಲಸದ ಸಪ್ಪಳದಂತೆ ಕೇಳುತ್ತಿತ್ತು. ಓದಿಗಿಂತ ತಟ್ಟುವುದೇ ಹೆಚ್ಚು.

ಉಸ್ತಾದರು ಹುಡುಕುತ್ತಿದ್ದದ್ದು ಒಂದು ಊರಿನ ಹೆಸರು.

ನದಿಯ ಆಚೆ ದಂಡೆಯಲ್ಲಿ ಒಂದು ದಿಬ್ಬ ಇತ್ತು. ಜಾಲಿ ಗಿಡ, ಒಡೆದ ಮಡಕೆಯ ಚೂರು, ಕಟ್ಟೆ ಬಿದ್ದ ಒಂದು ಬಾವಿ. ಜನ ಅದನ್ನು ಹಾಳದಿಬ್ಬ ಎನ್ನುತ್ತಿದ್ದರು. ಉಸ್ತಾದರ ಅಜ್ಜಿ ಮಾತ್ರ ಅದನ್ನು ರೌನಕಾಬಾದ್ ಎನ್ನುತ್ತಿದ್ದಳು. ಅಲ್ಲಿ ದೊಡ್ಡ ಪೇಟೆ ಇತ್ತು, ಟಂಕಸಾಲೆ ಇತ್ತು, ನಮ್ಮ ಹಿರಿಯರು ಅಲ್ಲಿ ಸುತ್ತಿಗೆ ಹಿಡಿದು ನಾಣ್ಯ ಹೊಡೆಯುತ್ತಿದ್ದರು ಎಂದು ಹೇಳಿ ಹೇಳಿಯೇ ಅವಳು ಮೊಮ್ಮಗನನ್ನು ಮಲಗಿಸಿದ್ದಳು.

ಯಾವ ಪುಸ್ತಕದಲ್ಲೂ ಆ ಹೆಸರಿಲ್ಲ. ಹರೆಯದಲ್ಲಿ ಉಸ್ತಾದರು ಬಲ್ಲವರ ಸಭೆಯೊಂದರಲ್ಲಿ ಎದ್ದು ನಿಂತು ಈ ಮಾತು ಹೇಳಿದ್ದರು. “ಅಜ್ಜಿ ಕಥೆಗೆ ಟಂಕಸಾಲೆ ಕಟ್ಟಿದ್ದೀರಿ. ಅದು ಇಟ್ಟಿಗೆ ಭಟ್ಟಿ ಇದ್ದ ಜಾಗ, ಅಲ್ಲಿ ಯಾರೂ ಬಾಳಿಲ್ಲ,” ಎಂದು ಸಭೆ ನಕ್ಕಿತ್ತು. ಅಂದಿನಿಂದ ಅವರು ವಾದ ಬಿಟ್ಟರು, ಹುಡುಕುವುದನ್ನು ಬಿಡಲಿಲ್ಲ. ಒಂದು ನಾಣ್ಯ ಸಿಕ್ಕರೆ ಸಾಕಿತ್ತು. ‘ಝರ್ಬ್’ ಎಂಬ ಮಾತು, ಅದರ ಮುಂದೆ ಆ ಊರಿನ ಹೆಸರು. ಝರ್ಬ್ ಎಂದರೆ ಹೊಡೆತ. ಇಂಥ ಊರಿನಲ್ಲಿ ಹೊಡೆದದ್ದು ಎಂದು ನಾಣ್ಯ ತಾನೇ ಹೇಳುವ ರೀತಿ ಅದು.

ಮಹಾನಂದಾಳಿಗೆ ಇದು ಅರ್ಥವಾಗುತ್ತಿರಲಿಲ್ಲ.

“ನಿಮ್ಮ ಮನಸಿಗಿ ಖಾತ್ರಿ ಅದ ಅಲ್ರಿ? ಹಂಗಾದ್ರ ಊರು ಇತ್ತು ಅಂತ ಹೇಳಿಬಿಡ್ರಿ. ನಾಣ್ಯ ಯಾಕ ಬೇಕು?”

ಉಸ್ತಾದರು ಊಟಕ್ಕೆ ಬಟ್ಟೆ ಹಾಸಿದರು. ಖಾಲಿ ತಾಟು ಅವಳ ಮುಂದೆ ತಳ್ಳಿದರು.

“ಉಣ್ಣು.”

“ರೊಟ್ಟಿ ಎಲ್ಲಿ ಅದಾವ್ರಿ?”

“ಗಂಟಿನಾಗ ಅದಾವಂತ ನಿನ್ನ ಮನಸಿಗಿ ಖಾತ್ರಿ ಅದ ಅಲ್ಲೇನು? ಉಣ್ಣು.”

ಅವಳು ನಕ್ಕು ಗಂಟು ಬಿಚ್ಚಿದಳು.

ವರ್ಷಗಳು ಉರುಳಿದವು. ಉಸ್ತಾದರ ಕಣ್ಣು ಮಂಜಾಯಿತು, ಆಮೇಲೆ ಪೂರಾ ಹೋಯಿತು. ಕಣ್ಣಿನ ನರ ಒಣಗಿದೆ, ಆಪರೇಷನ್ನಿಗೂ ಬಗ್ಗದು ಎಂದರು ಡಾಕ್ಟರು. ಅಂದಿನಿಂದ ಶಿಷ್ಯೆ ಓದುವುದು, ಗುರು ಕೇಳುವುದು. ಪಾಠ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಒಂದು ಚಳಿಗಾಲ ಉಸ್ತಾದರು ಬಹಳ ಇಳಿದುಹೋದರು. ರೊಟ್ಟಿ ಅರ್ಧಕ್ಕೆ ಬಂತು, ಅರ್ಧ ಹೋಗಿ ಹಾಲಿಗೆ ಬಂತು. ನಾಣ್ಯದ ಡಬ್ಬಿ ತೆರೆದರೂ ಅವರ ಕೈ ಮುಂದೆ ಬರುತ್ತಿರಲಿಲ್ಲ. ಮಹಾನಂದಾ ದರ್ಗಾದ ಹೊಸ್ತಿಲಿಗೆ ಹಣೆ ಹಚ್ಚಿ ಕೇಳಿಕೊಂಡಳು. ಆ ಹೆಸರು ಕೇಳದೆ ಈ ಜೀವ ಹೋಗಬಾರದು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಆಗ ಅಂಬಿಗರ ಭೀಮಶಾ ಬಂದ. ದೋಣಿ ನಡೆಸುವವನು.

“ಉಸ್ತಾದ್ರೇ, ಹಾಳದಿಬ್ಬದ ಅಂಚು ಕುಸದದ್ರಿ. ಮಣ್ಣಾಗ ಇದೊಂದು ಸಿಕ್ತು. ನಿಮಗ ಬೇಕಾಗ್ತದೇನೋ ಅಂತ ತಂದೆ.”

ಉಸ್ತಾದರು ಎದ್ದು ಕೂತರು. ಮಣ್ಣುಮೆತ್ತಿದ ಬಿಲ್ಲೆಯನ್ನು ಮೂಗಿಗೆ ಹಿಡಿದು ಮೂಸಿದರು.

“ತೊಳಿ,” ಎಂದರು. “ನಿಧಾನ.”

ಮಹಾನಂದಾ ಅದನ್ನು ನೀರಲ್ಲಿ ನೆನೆಸಿದಳು. ಬಿದಿರ ಕಡ್ಡಿಯ ಮೊನೆಯಿಂದ ಮಣ್ಣನ್ನು ಒಂದೊಂದೇ ಕಣವಾಗಿ ಬಿಡಿಸಿದಳು. ಭೀಮಶಾ ಕಾದು ಕಾದು ಬೇಸತ್ತು ದೋಣಿಗೆ ಹೋದ. ಉಸ್ತಾದರು ಹಲಗೆಯ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು.

“ಓದು.”

“ಅಸ್ಸುಲ್ತಾನ್,” ಎಂದು ಓದಿದಳು. ತಟ್ಟಿದಳು. ಮತ್ತೆ ತಟ್ಟಿದಳು. ಈ ಮಗ್ಗುಲಲ್ಲಿ ಅಷ್ಟೇ ಇತ್ತು.

“ತಿರುವು.”

ತಿರುವಿದಳು.

“ಝರ್ಬ್.”

ಉಸ್ತಾದರು ಮುಂದಕ್ಕೆ ಬಾಗಿದರು.

ಝರ್ಬ್ ಇತ್ತು. ಅದರ ಮುಂದೆ ಅಂಚು. ಅಂಚಿನ ಆಚೆ ಗಾಳಿ. ಊರಿನ ಹೆಸರು ಒಂದು ಚುಕ್ಕಿಯನ್ನೂ ಉಳಿಸದೆ ಆಚೆಗೆ ಬಿದ್ದುಹೋಗಿತ್ತು.

ತಟ್ಟಲಿಕ್ಕೆಂದು ಅವಳು ಬೆರಳು ಮಡಚಿದಳು. ಅಷ್ಟರಲ್ಲಿ ಗುರುವಿನ ಮುಖ ನೋಡಿದಳು. ನೋಡಬಾರದಿತ್ತು. ಆ ಮುದಿ ತುಟಿಗಳು ಆಗಲೇ ಅಜ್ಜಿ ಹೇಳಿಕೊಟ್ಟ ಹೆಸರನ್ನು ಸಪ್ಪಳವಿಲ್ಲದೆ ಆಡುತ್ತಿದ್ದವು.

ಅವಳು ತಟ್ಟಲಿಲ್ಲ.

“ರೌನಕಾಬಾದ್,” ಎಂದಳು.

ಉಸ್ತಾದರು ಕಿವಿಯನ್ನು ಅವಳ ಕಡೆ ತಿರುಗಿಸಿದರು.

“ಇನ್ನೊಮ್ಮೆ ಓದು, ಬೇಟಿ.”

“ಝರ್ಬ್ ರೌನಕಾಬಾದ್.”

ಉಸ್ತಾದರು ಕೈ ಚಾಚಿದರು. ನಾಣ್ಯವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. “ಇವತ್ತಿನ ಪಾಠ ಸಾಕು,” ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಮಹಾನಂದಾ ಹಗುರಾಗಿ ಮನೆಗೆ ಹೋದಳು. ಹೋಗುವಾಗ ಇದ್ದ ಹಗುರ ಗಿರಣಿ ಶುರು ಮಾಡುವ ಹೊತ್ತಿಗೆ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರಿಗೇನು ನಷ್ಟ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಮುದಿ ಜೀವಕ್ಕೆ ಸಮಾಧಾನವಾದರೆ ಪಾಪವೇ? ಹೇಳಿಕೊಳ್ಳುತ್ತಲೇ ಒಬ್ಬರ ಗೋಧಿಯನ್ನು ಇನ್ನೊಬ್ಬರ ಜೋಳದ ಮೇಲೆ ಸುರಿದಳು. ಇಬ್ಬರಿಂದಲೂ ಬೈಸಿಕೊಂಡಳು. ಆ ಬೈಗುಳವೇ ಅವಳಿಗೆ ಆ ದಿನ ಹಿತವಾಯಿತು.

ಮರುದಿನ ಅವಳು ರೊಟ್ಟಿ ಗಂಟು ಹಿಡಿದು ಬಂದಾಗ ಉಸ್ತಾದರು ಹಾಸಿಗೆಯಲ್ಲಿರಲಿಲ್ಲ. ಒಗೆದ ಶೇರ್ವಾನಿ ತೊಟ್ಟು, ಕೋಲು ಹಿಡಿದು ದಂಡೆಯಲ್ಲಿ ನಿಂತಿದ್ದರು. ಭೀಮಶಾ ದೋಣಿ ಹಚ್ಚಿದ್ದ.

“ನಡಿ, ಹಾಳದಿಬ್ಬಕ್ಕ.”

“ಮೈಯಾಗ ಶಕ್ತಿ ಇಲ್ಲ, ಈ ಚಳ್ಯಾಗ ಎಲ್ಲಿ ಹೋಗ್ತೀರಿ?”

“ಕೈ ಹಿಡಿ.”

ಮಹಾನಂದಾ ಅವರ ಕೈ ಹಿಡಿದು ದೋಣಿ ಹತ್ತಿಸಿದಳು. ಆಚೆ ದಂಡೆ ಬಂತು. ಭೀಮಶಾ ದೋಣಿಯಲ್ಲೇ ಉಳಿದ. ಇಬ್ಬರೂ ಜಾಲಿಯ ಮುಳ್ಳು ತಪ್ಪಿಸುತ್ತ, ನಿಂತು ನಿಂತು ದಿಬ್ಬ ಏರಿದರು. ಬಾವಿಯ ಹತ್ತಿರ ಬಂದ ಮೇಲೆ ಉಸ್ತಾದರು ನಾಣ್ಯವನ್ನು ಅವಳ ಕೈಗೆ ಕೊಟ್ಟರು.

“ಇಲ್ಲಿ ನಿಂತು ಓದು. ಗಟ್ಟ್ಯಾಗಿ ಓದು. ಇಲ್ಲಿಯವರೂ ಕೇಳ್ಲಿ.”

“ಇಲ್ಲಿ ಯಾರದಾರ್ರಿ?”

“ಯಾರೂ ಬಾಳಿಲ್ಲ ಅಂತ ಅನ್ನಿಸ್ಕೊಂಡವರು. ಇವರ ಹೆಸರು ಸಿಕ್ಕದ. ಇವರಿಗಿ ಹೇಳಬೇಕಲ್ಲ?”

ಮಹಾನಂದಾ ಸುತ್ತ ನೋಡಿದಳು. ಕುಸಿದ ಮಣ್ಣಿನಲ್ಲಿ ಒಂದು ಮಡಕೆಯ ಕಂಠ ಹೊರಗೆ ಬಂದಿತ್ತು. ಅದರ ಪಕ್ಕ ಬಳೆಯ ಚೂರು, ನೀಲಿ ಬಣ್ಣದ್ದು. ಬಾವಿಯ ಕಲ್ಲಿನ ಮೇಲೆ ಹಗ್ಗ ಎಳೆದೆಳೆದು ಬಿದ್ದ ಗೆರೆಗಳು. ಯಾರೋ ಹೆಂಗಸು ಇಲ್ಲಿ ನೀರು ಸೇದಿದ್ದಳು. ಮಾತಾಡುತ್ತ ಸೇದಿದ್ದಳು, ಬಳೆ ಒಡೆದಾಗ ಬೈದುಕೊಂಡಿದ್ದಳು.

“ಝರ್ಬ್,” ಎಂದಳು ಮಹಾನಂದಾ.

ಮುಂದಕ್ಕೆ ಬಾಯಿ ಏಳಲಿಲ್ಲ.

“ಯಾಕ ನಿಲ್ಲಿಸಿದಿ?”

“ಇಲ್ಲರಿ.”

“ಏನಿಲ್ಲ?”

“ಹೆಸರಿಲ್ಲರಿ.” ಅವಳು ಕುಸಿದು ಕೂತಳು. ಅಳು ತಡೆಯದೆ ಬಂತು. “ಝರ್ಬ್ ಆದ ಮ್ಯಾಲ ಅಂಚು ಅದ್ರಿ. ಒಂದು ಅಕ್ಷರಾನೂ ಇಲ್ಲ. ನಾ ಸುಳ್ಳು ಓದಿದೆ. ನಿಮಗ ಸುಳ್ಳು ಓದಿದೆ.”

ಉಸ್ತಾದರು ಕೋಲೂರಿ ಅವಳ ಪಕ್ಕ ಕೂತರು. ಕೂರಲಿಕ್ಕೆ ಬಹಳ ಹೊತ್ತು ಹಿಡಿಯಿತು.

“ನನ್ನ ಮುಂದ ಸಲೀಸಾಗಿ ಓದಿದಿ. ಇವರ ಮುಂದ ಯಾಕ ಬಾಯಿ ಬರಲಿಲ್ಲ?”

“ನಿಮ್ಮ ಮ್ಯಾಲ ಜೀವ ಅದ್ರಿ. ನಿಮ್ಮ ಮಾರಿ ನೋಡಿ ಬಾಯಿಗಿ ಬಂತು.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಇವರು ಖರೇನೇ ಇದ್ದವರ್ರಿ. ಇದ್ದ ಮಂದಿಗಿ ಇಲ್ಲದ ಪುರಾವಿ ಹ್ಯಾಂಗ ಕೊಡ್ಲಿ? ಸಭಾದಾಗ ನಕ್ಕವರು ಇವರ ಮ್ಯಾಲ ಇನ್ನೊಮ್ಮೆ ನಗಬೇಕಾ?”

ಉಸ್ತಾದರು ತಲೆದೂಗಿದರು.

“ಬೈರಿ ನನಗ. ಸುಮ್ನ ಕೂಡಬ್ಯಾಡ್ರಿ.”

“ಬೈಯೋದಿದ್ರ ನಿನ್ನೀನೇ ಬೈತಿದ್ದೆ.”

ಮಹಾನಂದಾಳ ಅಳು ಅಲ್ಲಿಗೇ ನಿಂತಿತು.

“ನಿನ್ನೀನೇ ಗೊತ್ತಿತ್ತೇನ್ರಿ? ಹ್ಯಾಂಗ?”

“ಆ ಹೆಸರು ಖರೇನೇ ಇದ್ದಿದ್ರ ನೀ ಓದ್ತಿದ್ದಿಲ್ಲ, ಚೀರ್ತಿದ್ದಿ. ಗಿರಣಿ ಸಪ್ಪಳದಾಗ ಕೂಗಿ ಕೂಗಿ ಬೆಳೆದ ಗಂಟಲು ನಿಂದು. ಭೀಮಶಾ ದೋಣಿ ಬಿಟ್ಟು ಓಡಿ ಬರ್ತಿದ್ದ.”

ಅಳುತ್ತಿದ್ದವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಮತ್ತೆ ಅಳು.

“ಗೊತ್ತಿದ್ದೂ ಯಾಕ ಸುಮ್ನಿದ್ರಿ?”

“ಅಷ್ಟು ಪ್ರೀತಿಲೆ ತಂದು ಕೊಟ್ಟಿದ್ದಿ. ಕೊಟ್ಟ ಗಳಿಗ್ಯಾಗೇ ಹ್ಯಾಂಗ ತಿರುಗಿ ಕೊಡ್ಲಿ? ಒಂದು ರಾತ್ರಿ ಇಟ್ಕೊಂಡೆ.” ಉಸ್ತಾದರ ದನಿ ಒಡೆದಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. “ಎಲ್ಲ್ಯಾದ್ರೂ ಖರೆ ಇರಬಹುದೇನೋ ಅಂತ ಆಸಿ ಆಯ್ತು. ನಿದ್ದಿ ಹತ್ತಲಿಲ್ಲ. ಅಜ್ಜಿ ನೆನಪು ಬಂತು. ಭಾಳ ಛಲೋ ರಾತ್ರಿ ಇತ್ತು. ಆದ್ರ ಬೆಳಗಾಗೂದ್ರಾಗ ಒಂದು ಹೆದರಿಕಿ ಶುರುವಾಯ್ತು. ಡಬ್ಬಿ ತುಂಬ ನಾಣ್ಯ ಅದಾವ. ಕಣ್ಣು ಹೋದ ಮ್ಯಾಲ ಬಂದದ್ದೆಲ್ಲಾ ನೀನೇ ಓದಿ ಹೇಳಿದ್ದು. ಅದರಾಗ ನಾಣ್ಯದ್ದೆಷ್ಟು, ನಿನ್ನ ಪ್ರೀತಿದೆಷ್ಟು?”

“ಇದೊಂದೇ ರಿ. ನನ್ನ ಗಿರಣಿ ಆಣೆ, ಇದೊಂದೇ.”

“ಆಣೆ ಯಾಕ ಹಾಕ್ತಿ? ಇಲ್ಲಿತನಕ ಕರ್ಕೊಂಡು ಬಂದು ಕೇಳಿದ್ನಲ್ಲ, ನಿನ್ನ ಬಾಯಿ ನಿಂತದ್ದು ಕೇಳಿಸ್ತು ನನಗ.” ಅವರು ಅವಳ ಕೈಯಲ್ಲಿದ್ದ ನಾಣ್ಯವನ್ನು ತಡವಿ ಮುಟ್ಟಿದರು. “ಈಗ ಓದು. ಏನದ ಅದನ್ನ ಓದು.”

ಮಹಾನಂದಾ ಕಣ್ಣೊರೆಸಿಕೊಂಡು ನಾಣ್ಯವನ್ನು ಬಿಸಿಲಿಗೆ ಹಿಡಿದಳು.

“ಝರ್ಬ್.”

“ಮುಂದ?”

“ಮುಂದ ಏನೂ ಇಲ್ಲರಿ.”

ಗಾಳಿ ಬೀಸಿತು. ಕೆಳಗೆ ನದಿಯಲ್ಲಿ ಭೀಮಶಾ ಯಾರನ್ನೋ ಕೂಗಿ ಮಾತಾಡಿಸುತ್ತಿದ್ದ. ಉಸ್ತಾದರ ಮುಖದ ಗಂಟು ಸಡಿಲಾಯಿತು. ಜ್ವರ ಬಿಟ್ಟ ಮಗುವಿನ ಮುಖದ ಹಾಗೆ ಅದು ತಿಳಿಯಾಯಿತು. ಅವರ ಕೈ ಗಾಳಿಯಲ್ಲಿ ಹುಡುಕಿ ಅವಳ ತಲೆಯ ಮೇಲೆ ಬಂದು ಕೂತಿತು.

ಮಹಾನಂದಾಳಿಗೆ ಸಂಕಟ ತಡೆಯಲಾಗಲಿಲ್ಲ.

“ಇಷ್ಟು ವರ್ಷ ಕಾದ್ರಿ. ಈಗ ಸಿಕ್ಕಿದ್ದೂ ಹೋಯ್ತು. ನಿಮಗೇನು ಉಳೀತ್ರಿ, ಉಸ್ತಾದ್ರೇ?”

“ಮಂದಿ ನಾ ಕುರುಡಾಗಿ ಭಾಳ ವರ್ಷ ಆಯ್ತು ಅಂತಾರ, ಬೇಟಿ,” ಎಂದರು ಉಸ್ತಾದರು. “ನಾ ಕುರುಡ ಇದ್ದದ್ದು ನಿನ್ನಿ ಒಂದು ದಿನ.”